ಶೋಧನೆಯ ದಿನಗಳಲ್ಲಿ ಆನಂದ, ಧೈರ್ಯ: ವಿಶ್ವಾಸಿಗಳಿಗೆ ಹಂತ ಹಂತದ ದಾರಿ

ಕಷ್ಟದಲ್ಲಿರುವವರಿಗೆ ಸಭೆಯಲ್ಲಿ ಮೊದಲು ಕೇಳಿಸುವ ವಾಕ್ಯ ಸಾಮಾನ್ಯವಾಗಿ ಬೈಬಲಿನ ಯಾಕೋಬನ ಪತ್ರಿಕೆಯ 1:2. ನಂಬಿಕೆಯನ್ನು ಒರೆಗೆ ಹಚ್ಚುವ ನಾನಾ ಬಗೆಯ ಶೋಧನೆಗಳು ಬಂದಾಗ ಅದನ್ನು ಆನಂದವೆಂದೇ ಎಣಿಸಿ ಅನ್ನುತ್ತಾನೆ ಯಾಕೋಬ. ಕೇಳಿದವರು 'ಆಮೆನ್' ಅನ್ನುತ್ತಾರೆ, ಹೊರಗೆ ಬಂದ ಮೇಲೆ 'ಅದು ಹೇಗೆ?' ಎಂದು ಕೇಳುತ್ತಾರೆ. ಕೆಲಸ ಹೋಗಿದೆ, ಸ್ಕ್ಯಾನಿಂಗ್ ರಿಪೋರ್ಟ್ ಕೆಟ್ಟದಾಗಿ ಬಂದಿದೆ, ಮಗ ಮಾತು ಬಿಟ್ಟಿದ್ದಾನೆ. ಇದರಲ್ಲಿ ಆನಂದ ಎಲ್ಲಿಂದ ತರುವುದು? ಬರದಿದ್ದರೆ ನನ್ನ ನಂಬಿಕೆಯೇ ಸುಳ್ಳೇ? ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರವನ್ನು ಉಪದೇಶದ ರೂಪದಲ್ಲಿ ಕೊಡದೆ, ಕೂತು ಮಾಡಬಹುದಾದ ಕೆಲಸಗಳಾಗಿ ಇಲ್ಲಿ ಕೊಟ್ಟಿದ್ದೇವೆ.

ಮೊದಲಿಗೆ ಒಂದು ಗೊಂದಲ ಬಗೆಹರಿಯಬೇಕು. ಯಾಕೋಬ ನೋವನ್ನೇ ಆನಂದ ಎನ್ನುತ್ತಿಲ್ಲ. ಕಾರಣ 3ನೇ ವಚನದಲ್ಲಿದೆ: ನಂಬಿಕೆ ಪರೀಕ್ಷೆಗೆ ಒಳಗಾದಾಗ ತಾಳ್ಮೆ ಹುಟ್ಟುತ್ತದೆಂದು ನಿಮಗೆ ಗೊತ್ತಿದೆಯಲ್ಲ, ಅದಕ್ಕೆ. ಅಂದರೆ ಈ ಆನಂದ ನಿಂತಿರುವುದು ಗೊತ್ತಿರುವ ಒಂದು ಸಂಗತಿಯ ಮೇಲೆ. ಆ ಹೊತ್ತಿಗೆ ಮನಸ್ಸು ಹೇಗಿದೆ ಎಂಬುದರ ಮೇಲಲ್ಲ. ಪೇತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ: ನೀವು ಹರ್ಷಿಸುತ್ತೀರಿ, ಸದ್ಯಕ್ಕೆ ದುಃಖವನ್ನೂ ಪಡುತ್ತಿದ್ದೀರಿ (1 ಪೇತ್ರ 1:6). ಅಳುವವರನ್ನು ನೋಡಿ 'ವಿಶ್ವಾಸ ಕಡಿಮೆ' ಅನ್ನುವವರು ಈ ವಚನವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಏನೇನು ಬೇಕು

ಒಂದು ಬೈಬಲ್, ಆದಷ್ಟು ಮುದ್ರಿತ ಪ್ರತಿ. ಫೋನಿನಲ್ಲಿ ಓದುತ್ತಿದ್ದರೆ ನಡುವೆ ಬರುವ ಮೆಸೇಜುಗಳೇ ಅರ್ಧ ಗಮನ ತಿಂದುಹಾಕುತ್ತವೆ. ಒಂದು ನೋಟ್‌ಬುಕ್, ಪೆನ್ನು. ದಿನಕ್ಕೆ 20 ನಿಮಿಷ, ಸಾಧ್ಯವಾದರೆ ಒಂದೇ ಹೊತ್ತಿಗೆ. ಬಾಯಿಬಿಟ್ಟು ಮಾತಾಡಬಲ್ಲ ಒಬ್ಬರೋ ಇಬ್ಬರೋ ವಿಶ್ವಾಸಿಗಳು. ನಾಲ್ಕು ವಾರದ ತಾಳ್ಮೆ. ಬರೆಯುವುದು ಯಾಕೆ ಅಂದರೆ, ಕಷ್ಟದಲ್ಲಿರುವ ಮನಸ್ಸು ಒಂದೇ ಮಾತನ್ನು ಸುತ್ತುಹಾಕುತ್ತಿರುತ್ತದೆ. ಕಾಗದದ ಮೇಲೆ ಇಳಿದ ಮೇಲೆ ಅದಕ್ಕೊಂದು ಕೊನೆ ಸಿಗುತ್ತದೆ.

ಹಂತ 1: ಮೊದಲು ದೇಹವನ್ನು ನೋಡಿಕೊಳ್ಳಿ

1 ಅರಸು 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಮರುಭೂಮಿಗೆ ಓಡಿಹೋಗಿ 'ಸಾಕು, ನನ್ನ ಪ್ರಾಣ ತೆಗೆದುಕೋ' ಎಂದು ದೇವರನ್ನು ಕೇಳುತ್ತಾನೆ. ದೇವರು ಆಗ ಬೋಧನೆ ಮಾಡಲಿಲ್ಲ. ಎಲೀಯ ಮಲಗಿದ. ದೂತ ಬಂದು ತಟ್ಟಿ ಎಬ್ಬಿಸಿದಾಗ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇದ್ದವು. ತಿಂದು, ಕುಡಿದು ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೂತನೇ ಒಪ್ಪಿಕೊಂಡ. ಮಾತುಕತೆ ನಡೆದದ್ದು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಹಾಗಾಗಿ ಮೊದಲ ಮೂರು ದಿನ ದೊಡ್ಡ ಆತ್ಮಿಕ ತೀರ್ಮಾನಗಳನ್ನು ಮುಂದಕ್ಕೆ ಹಾಕಿ. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನಿದ್ದೆ, ದಿನಕ್ಕೆ ಅರ್ಧ ಗಂಟೆ ನಡಿಗೆ. ಇಷ್ಟಿದ್ದರೆ ಸಾಕು. ಈಗಾಗಲೇ ದಣಿದವರು ಉಪವಾಸ ಪ್ರಾರ್ಥನೆಗೆ ಇಳಿಯುವುದು, ರಾತ್ರಿಯಿಡೀ ಜಾಗರಣೆ ಮಾಡುವುದು ನಾವು ಹೆಚ್ಚಾಗಿ ಕಾಣುವ ತಪ್ಪು. ದಣಿವನ್ನೇ ದೇವರ ಮೌನವೆಂದು ತಿಳಿದುಕೊಳ್ಳುವುದು ಅಲ್ಲಿಂದಲೇ ಶುರುವಾಗುತ್ತದೆ.

ಔಷಧಿ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಡಿ. 'ನಂಬಿಕೆಯಿಂದ' ಮಾತ್ರೆ ಬಿಡುವಂತೆ ಹೇಳುವವರ ಮಾತು ಕೇಳಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯನಾಗಿದ್ದ (ಕೊಲೊಸ್ಸೆ 4:14). ಹೊಟ್ಟೆಯ ತೊಂದರೆಯಿದ್ದ ತಿಮೊಥೆಯನಿಗೆ ಪೌಲ ಬರೆದದ್ದು ಬರೀ ನೀರು ಕುಡಿಯುವುದನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು (1 ತಿಮೊಥೆಯ 5:23).

ಹಂತ 2: ಇದು ಯಾವ ಬಗೆಯ ಶೋಧನೆ?

ಶೋಧನೆ ಅಂದರೆ ನಂಬಿಕೆಯನ್ನು ಒರೆಗೆ ಹಚ್ಚುವ ಸನ್ನಿವೇಶ. ಎಲ್ಲ ಕಷ್ಟಗಳಿಗೂ ಒಂದೇ ಮದ್ದಿಲ್ಲ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಕಷ್ಟವನ್ನು ಎರಡೇ ಸಾಲಿನಲ್ಲಿ ಬರೆದು, ಇವುಗಳಲ್ಲಿ ಯಾವುದು ಎಂದು ಗುರುತು ಹಾಕಿ:

ಅ) ಯಾರ ತಪ್ಪೂ ಇಲ್ಲದೆ ಬಂದದ್ದು: ರೋಗ, ಸಾವು, ಅಪಘಾತ. ಹುಟ್ಟುಕುರುಡನನ್ನು ತೋರಿಸಿ 'ಯಾರು ಪಾಪ ಮಾಡಿದರು?' ಎಂದು ಶಿಷ್ಯರು ಕೇಳಿದಾಗ ಯೇಸು, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದ (ಯೋಹಾನ 9:3). ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದೂ ಹೇಳಿದ (ಲೂಕ 13:4-5). ಇಲ್ಲಿ ಮಾಡಬೇಕಾದ ಕೆಲಸ ಕಾರಣ ಹುಡುಕುವುದಲ್ಲ.

ಆ) ನಮ್ಮದೇ ಕೆಲಸದ ಫಲ: ಸಾಲ ಮಾಡಿ ಮುಚ್ಚಿಟ್ಟದ್ದು, ಮಾತು ಮೀರಿ ಸಂಬಂಧ ಕೆಡಿಸಿಕೊಂಡದ್ದು. ಇದನ್ನು 'ಶಿಲುಬೆ ಹೊರುತ್ತಿದ್ದೇನೆ' ಎಂದು ಕರೆದುಕೊಳ್ಳಬೇಡಿ. ತಪ್ಪು ಮಾಡಿ ಶ್ರಮೆಪಡುವುದನ್ನು ಪೇತ್ರ ಬೇರೆಯಾಗಿಯೇ ಎಣಿಸುತ್ತಾನೆ (1 ಪೇತ್ರ 4:15). ಅರಿಕೆ, ಕ್ಷಮೆ ಕೇಳುವುದು, ಹಾನಿ ತುಂಬಿಕೊಡುವುದು, ಈ ಮೂರಾದ ಮೇಲೆಯೇ ಮುಂದಿನ ಹಂತ.

ಇ) ನಂಬಿಕೆಯ ಕಾರಣಕ್ಕೆ ಬಂದದ್ದು: ಮನೆಯವರ ಕೋಪ, ಹಾಸ್ಯ, ಅವಕಾಶ ತಪ್ಪುವುದು.

ಈ) ಪಾಪದ ಸೆಳೆತ. ಇದನ್ನು ದೇವರು ಕಳುಹಿಸಿದ್ದೆನ್ನುವಂತಿಲ್ಲ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಪ್ರೇರಿಸುವುದಿಲ್ಲ ಎಂದು ಯಾಕೋಬ 1:13 ನೇರವಾಗಿ ಹೇಳುತ್ತದೆ. ಇಲ್ಲಿ ತಾಳಿಕೊಳ್ಳುವುದಕ್ಕಿಂತ ಜಾಗ ಖಾಲಿ ಮಾಡುವುದು ಜಾಣತನ.

ಉ) ಇನ್ನೊಬ್ಬರು ಮಾಡುತ್ತಿರುವ ಅನ್ಯಾಯ: ಹೊಡೆತ, ಬೆದರಿಕೆ, ಲೈಂಗಿಕ ಶೋಷಣೆ. ಎಚ್ಚರಿಕೆ: ಇದನ್ನು ಸಹಿಸಿಕೊಂಡು ಕೂರುವುದು ನಂಬಿಕೆಯ ಅಳತೆಗೋಲಲ್ಲ. ಅರಸ ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಓಡಿದ. ದಮಸ್ಕದಲ್ಲಿ ಪೌಲನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿ ಪಾರುಮಾಡಿದರು (ಅಪೊಸ್ತಲರ ಕೃತ್ಯಗಳು 9:25). ಚಾಟಿಯ ಹೊಡೆತಕ್ಕೆ ಕಟ್ಟಿದಾಗ ಅದೇ ಪೌಲ ತನ್ನ ರೋಮ್ ಪೌರತ್ವದ ಹಕ್ಕು ಮುಂದಿಟ್ಟ (22:25). ಮೊದಲು ಸುರಕ್ಷಿತ ಜಾಗ, ಕಾನೂನಿನ ನೆರವು. ಈ ಲೇಖನದ ಉಳಿದ ಭಾಗ ಆಮೇಲೆ.

ಒಂದೇ ಕಷ್ಟಕ್ಕೆ ಎರಡು ಗುರುತು ಬೀಳಬಹುದು, ಪರವಾಗಿಲ್ಲ.

ಹಂತ 3: ಪ್ರಲಾಪ ಬರೆಯಿರಿ

ಹೆಚ್ಚಿನವರು ಹಾರಿಹೋಗುವ ಹಂತ ಇದು, ಆನಂದ ಕೈಗೆ ಸಿಗದಿರುವುದಕ್ಕೆ ಮುಖ್ಯ ಕಾರಣವೂ ಇದೇ. ಪ್ರಲಾಪ ಅಂದರೆ ದೇವರ ಮುಂದೆ ದೂರನ್ನು ದೂರಾಗಿಯೇ ಇಡುವ ಪ್ರಾರ್ಥನೆ. ಕೀರ್ತನೆಗಳಲ್ಲಿ ಇಂಥವು ಬೇಕಾದಷ್ಟಿವೆ. ಪ್ರಲಾಪಗಳು ಎಂಬ ಒಂದು ಇಡೀ ಗ್ರಂಥವೇ ಬೈಬಲಿನಲ್ಲಿದೆ.

ಮಾದರಿಗೆ ಕೀರ್ತನೆ 13 ಎತ್ತಿಕೊಳ್ಳಿ, ಒಟ್ಟು ಆರೇ ವಚನ. ಮೊದಲೆರಡು ವಚನಗಳಲ್ಲಿ ದಾವೀದ 'ಎಷ್ಟರವರೆಗೆ?' ಎಂದು ನಾಲ್ಕು ಸಲ ಕೇಳುತ್ತಾನೆ. 3, 4ರಲ್ಲಿ ಬೇಡಿಕೆ: ನೋಡು, ಉತ್ತರ ಕೊಡು. 5, 6ರಲ್ಲಿ ಭರವಸೆ. ಇದೇ ಅಳತೆಯಲ್ಲಿ ನೀವೂ ಬರೆಯಿರಿ: ದೂರಿಗೆ ನಾಲ್ಕೈದು ಸಾಲು, ಬೇಡಿಕೆಗೆ ಎರಡು, ಭರವಸೆಗೆ ಒಂದು. ಕೆಲಸ ಕಳೆದುಕೊಂಡವರ ಪ್ರಲಾಪ ಹೀಗಿರಬಹುದು:

"ಕರ್ತನೇ, ಇನ್ನೆಷ್ಟು ದಿನ? ಅರ್ಜಿ ಹಾಕಿ ಹಾಕಿ ಸಾಕಾಯಿತು, ಒಂದು ಕಡೆಯಿಂದಲೂ ಉತ್ತರವಿಲ್ಲ. ನೀನೂ ಸುಮ್ಮನಿದ್ದೀಯ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಹೆಂಡತಿ ಏನೂ ಕೇಳುವುದಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. ಈ ತಿಂಗಳ ಬಾಡಿಗೆಗೆ ದಾರಿ ತೋರಿಸು. ನಾಳೆಯ ಇಂಟರ್‌ವ್ಯೂನಲ್ಲಿ ನಾಲಿಗೆ ತಡವರಿಸದಂತೆ ನೋಡಿಕೋ. ನೀನು ಕೈಬಿಟ್ಟಿಲ್ಲ ಎಂದು ನಂಬುವುದು ಇವತ್ತು ಕಷ್ಟವಾಗುತ್ತಿದೆ, ಆದರೂ ಬಂದಿರುವುದು ನಿನ್ನ ಹತ್ತಿರವೇ."

ಕೊನೆಯ ಸಾಲನ್ನು ಗಮನಿಸಿ. ಇಲ್ಲದ ಭರವಸೆಯನ್ನು ಅದು ಇದೆಯೆಂದು ತೋರಿಸುತ್ತಿಲ್ಲ. ಇರುವಷ್ಟನ್ನೇ ಹೇಳುತ್ತಿದೆ. 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು' ಎಂದು ಕೂಗಿದ ತಂದೆಯ ಮಗನನ್ನು ಯೇಸು ಗುಣಪಡಿಸಿದ (ಮಾರ್ಕ 9:24). ಅಷ್ಟು ನಂಬಿಕೆ ಸಾಕಾಗಿತ್ತು.

ಇದು ಗೊಣಗುಟ್ಟುವುದಾಗುವುದಿಲ್ಲವೇ ಎಂದು ಕೆಲವರು ಹೆದರುತ್ತಾರೆ. ವ್ಯತ್ಯಾಸ ಸುಲಭ. ಬೈಬಲಿನ ಅರಣ್ಯಕಾಂಡ ಎಂಬ ಗ್ರಂಥದಲ್ಲಿ ಬರುವ ಇಸ್ರಾಯೇಲ್ಯರು ದೇವರ ವಿಷಯವಾಗಿ ತಮ್ಮತಮ್ಮಲ್ಲೇ ಗೊಣಗಿದರು. ಕೀರ್ತನೆಗಾರ ಅದೇ ಮಾತನ್ನು ದೇವರಿಗೇ ಹೇಳಿದ. ದೂರು ಯಾರ ಕಡೆಗೆ ತಿರುಗಿದೆ ಎಂಬುದಷ್ಟೇ ಪ್ರಶ್ನೆ.

ಮೊದಲ ವಾರ ದಿನಕ್ಕೊಂದು ಪ್ರಲಾಪ ಬರೆಯಿರಿ. ಆಮೇಲೆ ವಾರಕ್ಕೆರಡು ಸಾಕು. ಬರೆದದ್ದನ್ನು ದನಿಯೆತ್ತಿ ಓದಿ, ಅದೇ ಆ ದಿನದ ಪ್ರಾರ್ಥನೆ. ಚೆಂದದ ಭಾಷೆ ಬೇಡ. ಹರಕೆಯ ವ್ಯಾಪಾರವೂ ಬೇಡ: 'ಇದನ್ನು ಮಾಡಿಕೊಟ್ಟರೆ ನಾನು ಅದನ್ನು ಮಾಡುತ್ತೇನೆ' ಎಂಬ ಸಾಲು ಬಂದರೆ ಹೊಡೆದುಹಾಕಿ. ಕೃಪೆ ಅಂದರೆ ಅರ್ಹತೆ ನೋಡದೆ ದೇವರು ಕೊಡುವುದು. ಅದಕ್ಕೆ ಬೆಲೆ ಕಟ್ಟುವ ಕೆಲಸ ನಿಮ್ಮದಲ್ಲ.

ಹಂತ 4: ಅನ್ನಿಸುವುದು ಒಂದು ಕಡೆ, ಗೊತ್ತಿರುವುದು ಇನ್ನೊಂದು ಕಡೆ

ಎರಡನೇ ವಾರದಿಂದ ಯಾಕೋಬನ ಲೆಕ್ಕಕ್ಕೆ ಬನ್ನಿ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮನಸ್ಸಿನಲ್ಲಿ ಓಡುತ್ತಿರುವ ಮಾತು, ಬಲಕ್ಕೆ ಸುವಾರ್ತೆಯಿಂದ ಗೊತ್ತಿರುವ ಮಾತು. ಸುವಾರ್ತೆ ಎಂದರೆ ಕ್ರಿಸ್ತನು ನಮಗಾಗಿ ಸತ್ತು ಎದ್ದನೆಂಬ ಶುಭವರ್ತಮಾನ.

ಎಡಕ್ಕೆ 'ಇದು ನನಗೆ ಶಿಕ್ಷೆ' ಎಂದಿದ್ದರೆ ಬಲಕ್ಕೆ ರೋಮಾ 8:1: ಕ್ರಿಸ್ತನಲ್ಲಿರುವವರಿಗೆ ಅಪರಾಧ ನಿರ್ಣಯವಿಲ್ಲ. 'ನನ್ನ ಸಂಕಟ ಯಾರಿಗೂ ಅರ್ಥವಾಗದು' ಎಂದಿದ್ದರೆ ಇಬ್ರಿಯ 4:15: ನಮ್ಮ ಬಲಹೀನತೆಯನ್ನು ಅನುಭವಿಸಿ ಬಲ್ಲ ಮಹಾಯಾಜಕ ಯೇಸು ಇದ್ದಾನೆ. 'ದೇವರಿಗೆ ನನ್ನ ಪರಿವೆಯಿಲ್ಲ' ಎಂದಿದ್ದರೆ ರೋಮಾ 8:32: ಸ್ವಂತ ಮಗನನ್ನೇ ಹಿಂದಿಟ್ಟುಕೊಳ್ಳದೆ ಕೊಟ್ಟ ದೇವರು ಅವನು. 'ಇದರಿಂದ ಏನು ಬಂತು' ಎಂದಿದ್ದರೆ ರೋಮಾ 5:3-5: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವವಾದ ಗುಣ, ಅದರಿಂದ ನಿರೀಕ್ಷೆ.

ದಿನಕ್ಕೆ ಒಂದೇ ಸಾಲು. ಎಡಗಡೆಯ ಮಾತನ್ನು ಅಳಿಸಬೇಡಿ, ಅದೂ ಅಲ್ಲೇ ಇರಲಿ. ಬಲಗಡೆಯದನ್ನು ಆ ದಿನ ಮೂರು ಸಲ ಹೇಳಿಕೊಳ್ಳಿ: ಎದ್ದಾಗ, ಮಧ್ಯಾಹ್ನ, ಮಲಗುವಾಗ. ವಾರದ ಕೊನೆಗೆ ಎಡಗಡೆಯ ಮಾತುಗಳು ಬಹುಪಾಲು ಎರಡು ಮೂರೇ ಎಂದು ಕಾಣುತ್ತದೆ. ಹೋರಾಟ ಎಲ್ಲಿದೆಯೆಂದು ಅಲ್ಲಿ ಗೊತ್ತಾಗುತ್ತದೆ.

ಈ ಹಂತದಲ್ಲಿ ಕೆಡುವುದು ವಚನವನ್ನು ಸಂದರ್ಭದಿಂದ ಕಿತ್ತು ಬಳಸಿದಾಗ. ಕಣ್ಣುಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವೇ ದೇವರ ಉತ್ತರ ಎಂದು ಹಿಡಿಯುವ ಅಭ್ಯಾಸ ಬಿಡಿ. ಗೋಡೆಗೆ ಹಾಕುವ ಕ್ಯಾಲೆಂಡರುಗಳಲ್ಲಿ ಹೆಚ್ಚಾಗಿ ಕಾಣುವ ಕೆಲವನ್ನು ನೋಡೋಣ.

ಯೆರೆಮೀಯ 29:11, 'ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನು'. ಇದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದದ ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷದ ಮಾತಿದೆ, 5ನೇ ವಚನದಲ್ಲಿ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎಂದಿದೆ. ಮುಂದಿನ ವಾರ ಎಲ್ಲ ಸರಿಹೋಗುತ್ತದೆ ಎಂಬ ಮಾತು ಅಲ್ಲೆಲ್ಲೂ ಇಲ್ಲ. ಕಾಯುವ ಕಾಲದಲ್ಲೂ ದೇವರು ಯೋಚಿಸುತ್ತಿದ್ದಾನೆ ಎಂಬುದು ಇದೆ.

'ತಾಳಲಾರದಷ್ಟು ಕಷ್ಟ ದೇವರು ಕೊಡುವುದಿಲ್ಲ' ಎಂಬ ಮಾತಿಗೆ 1 ಕೊರಿಂಥ 10:13 ತೋರಿಸುತ್ತಾರೆ. ಆ ವಚನದ ಸುತ್ತಮುತ್ತ ಇರುವುದು ವಿಗ್ರಹಾರಾಧನೆ, ಜಾರತ್ವಗಳ ಸೆಳೆತದ ಮಾತು: ಬೀಳಲೇಬೇಕೆಂಬ ಸ್ಥಿತಿ ಬರುವುದಿಲ್ಲ, ತಪ್ಪಿಸಿಕೊಳ್ಳುವ ದಾರಿ ಇರುತ್ತದೆ. ಕಷ್ಟದ ಭಾರದ ವಿಷಯಕ್ಕೆ ಬಂದರೆ ಪೌಲನೇ ಆಸ್ಯ ಸೀಮೆಯಲ್ಲಿ ತನಗಾದದ್ದು ಶಕ್ತಿಗೆ ಮೀರಿತ್ತು, ಜೀವದ ಆಸೆಯೇ ಹೋಗಿತ್ತು ಎಂದು ಬರೆದಿದ್ದಾನೆ (2 ಕೊರಿಂಥ 1:8). ಯಾಕೆ ಎಂದೂ 9ನೇ ವಚನದಲ್ಲಿ ಹೇಳುತ್ತಾನೆ: ತಮ್ಮ ಮೇಲೆ ಭರವಸೆಯಿಡದೆ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಲಿಕ್ಕೆ. 'ನನ್ನಿಂದ ಆಗುತ್ತಿಲ್ಲ' ಎಂದು ನಾಚಿಕೆಪಡುವವರು ಈ ಎರಡು ವಚನಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಲಿ. ಕ್ರೈಸ್ತ ಧೈರ್ಯ ಶುರುವಾಗುವುದೇ ಅಲ್ಲಿಂದ.

ಫಿಲಿಪ್ಪಿ 4:13, 'ಎಲ್ಲವನ್ನೂ ಮಾಡಬಲ್ಲೆ', ಬರೆದದ್ದು ಸೆರೆಯಿಂದ. ಹಿಂದಿನ ವಚನ ಓದಿದರೆ 'ಎಲ್ಲ' ಅಂದರೆ ಹಸಿವಿನಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರುವುದು. ಪರೀಕ್ಷೆಯಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಅದಲ್ಲ.

ಒಂದು ವಚನ ಬರೆದುಕೊಳ್ಳುವ ಮುಂಚೆ ಅದರ ಹಿಂದಿನ ಐದು, ಮುಂದಿನ ಐದು ವಚನ ಓದಿ. ಮೂರು ನಿಮಿಷದ ಕೆಲಸ.

ಹಂತ 5: ಜ್ಞಾನ ಕೇಳಿ, ಒಂದು ಹೆಜ್ಜೆ ಇಡಿ

ಆನಂದದ ಮಾತು ಮುಗಿದ ಕೂಡಲೇ ಯಾಕೋಬ 1:5ರಲ್ಲಿ ಜ್ಞಾನ ಕಡಿಮೆಯಿದ್ದರೆ ಕೇಳಿಕೊಳ್ಳಿ, ದೇವರು ಹಂಗಿಸದೆ ಕೊಡುತ್ತಾನೆ ಎನ್ನುತ್ತಾನೆ. ಕೇಳಬೇಕಾದದ್ದು 'ಯಾಕೆ' ಎಂಬುದಕ್ಕಿಂತ 'ಇವತ್ತು ಏನು ಮಾಡಲಿ' ಎಂದು. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ತನ್ನ ಹೆಸರಿನ ಗ್ರಂಥದ 42 ಅಧ್ಯಾಯ ಮುಗಿದರೂ ಯಾಕೆ ಎಂಬುದು ತಿಳಿಯಲಿಲ್ಲ.

24 ಗಂಟೆಯೊಳಗೆ ಮುಗಿಯುವ ಒಂದೇ ಕೆಲಸ ಬರೆದುಕೊಳ್ಳಿ: ಡಾಕ್ಟರಿಗೆ ಫೋನ್, ಸಾಲದ ನಿಜವಾದ ಮೊತ್ತವನ್ನು ಮನೆಯವರಿಗೆ ಹೇಳುವುದು, ಒಂದು ಅರ್ಜಿ. ಮರುದಿನ ಆಯಿತೋ ಇಲ್ಲವೋ ಎಂದು ಗುರುತು ಹಾಕಿ. ಮೂರು ದಿನ ಒಂದೇ ಕೆಲಸ ಉಳಿದರೆ ಅದು ದೊಡ್ಡದಾಯಿತೆಂದರ್ಥ, ಎರಡಾಗಿ ಒಡೆಯಿರಿ.

ಹಂತ 6: ಒಬ್ಬರೇ ಹೊರಬೇಡಿ

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ಜೊತೆಗೆ ಎಚ್ಚರವಾಗಿರಿ ಎಂದು ಕೇಳಿದ (ಮತ್ತಾಯ 26:38). ಅವರು ನಿದ್ದೆ ಹೋದರು, ಅದು ಬೇರೆ ಮಾತು. ಕೇಳುವುದು ಅವಮಾನವಲ್ಲ ಎಂಬುದಂತೂ ಅಲ್ಲೇ ಸ್ಪಷ್ಟವಾಯಿತು.

'ನನಗಾಗಿ ಪ್ರಾರ್ಥಿಸಿ' ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: "ಗುರುವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರ್ ಹತ್ತಿರ ಹೋಗಬೇಕು ಅಕ್ಕ. ಬುಧವಾರ ರಾತ್ರಿ ಫೋನ್ ಮಾಡಿ ಐದು ನಿಮಿಷ ಪ್ರಾರ್ಥಿಸ್ತೀರಾ? ಸಲಹೆ ಏನೂ ಬೇಡ." ದಿನ, ಹೊತ್ತು, ಬೇಕಾದದ್ದು, ಬೇಡದ್ದು ನಾಲ್ಕೂ ಇದರಲ್ಲಿವೆ. ಕಾಯಿಲೆಯಿದ್ದರೆ ಸಭೆಯ ಹಿರಿಯರನ್ನು ಕರೆಸಿಕೊಳ್ಳಿ ಎಂದು ಯಾಕೋಬ 5:14 ಹೇಳುತ್ತದೆ. ಕರೆಸುವ ಕೆಲಸ ರೋಗಿಯದು, ಅವರಾಗಿಯೇ ಬರಲಿಲ್ಲವೆಂದು ಮುನಿಯುವ ಮುನ್ನ ತಿಳಿಸಿದ್ದೀರಾ ನೋಡಿಕೊಳ್ಳಿ.

ಯಾರನ್ನು ಆರಿಸಬಾರದು? ಕೇಳಿಸಿಕೊಳ್ಳುವ ಮೊದಲೇ ಕಾರಣ ಹೇಳುವವರನ್ನು. ಯೋಬನ ಸ್ನೇಹಿತರು ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ ದೇವರ ಕೋಪ ತಿರುಗಿದ್ದು ಅವರ ಮೇಲೆ (ಯೋಬ 42:7). ಹಾಗೆಯೇ, ಕಾಣಿಕೆ ಕೊಟ್ಟರೆ ಬಿಡುಗಡೆ ಎನ್ನುವವರಿಂದ ದೂರವಿರಿ.

ಹಂತ 7: ಸ್ತೋತ್ರ, ಹಿನ್ನೋಟ

ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ, ಸೀಲರು ಮಧ್ಯರಾತ್ರಿ ಹಾಡಿದರು (ಅಪೊಸ್ತಲರ ಕೃತ್ಯಗಳು 16:25). ಬಾಗಿಲು ತೆರೆದದ್ದು ಹಾಡಿದ ಮೇಲೆ. ಹಾಡುವಾಗ ಬೆನ್ನ ಮೇಲೆ ಹೊಡೆತದ ಗಾಯ, ಕಾಲಿಗೆ ಕೋಳ ಇದ್ದವು. ದಿನಕ್ಕೆ ಒಂದು ಹಾಡು, ದನಿ ಕೇಳಿಸುವಂತೆ. ದಿನಕ್ಕೆ ಒಂದು ಸ್ತೋತ್ರ ಬರೆಯಿರಿ, ಅದು ಆ ದಿನದ್ದೇ ಆಗಿರಲಿ: 'ಎಲ್ಲದಕ್ಕಾಗಿ ಸ್ತೋತ್ರ' ಎಂಬುದಕ್ಕಿಂತ 'ಇವತ್ತು ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಬಂತು' ಎಂಬುದು ಮೇಲು. ನೋವಿಗಾಗಿಯೇ ಸ್ತೋತ್ರ ಹೇಳಬೇಕೆಂದು ಒತ್ತಾಯಿಸಿಕೊಳ್ಳಬೇಡಿ. ನೋವಿನ ನಡುವೆ ಹೇಳಿದರೆ ಸಾಕು.

ವಾರಕ್ಕೊಮ್ಮೆ ನೋಟ್‌ಬುಕ್ ತಿರುವಿಹಾಕಿ ಮೂರು ಪ್ರಶ್ನೆ ಕೇಳಿಕೊಳ್ಳಿ. ದೂರು ಬದಲಾಗಿದೆಯೇ? ಕಳೆದ ವಾರ ಮುರಿದುಬೀಳುತ್ತಿದ್ದ ಜಾಗದಲ್ಲಿ ಈ ವಾರ ಸ್ವಲ್ಪ ಹೊತ್ತು ನಿಂತೆನೇ? ಇನ್ನೊಬ್ಬರ ಕಷ್ಟ ಕಣ್ಣಿಗೆ ಬೀಳುತ್ತಿದೆಯೇ? ಯಾಕೋಬ ಹೇಳುವ ತಾಳ್ಮೆ ಮೊದಲು ಕಾಣಿಸಿಕೊಳ್ಳುವುದು ಹೀಗೆ. ಆನಂದ ಅದರ ಹಿಂದೆ ಬರುತ್ತದೆ, ಹೆಚ್ಚಾಗಿ ಸದ್ದಿಲ್ಲದೆ, ಬಂದದ್ದು ಆಮೇಲೆ ಗೊತ್ತಾಗುವಂತೆ.

ನಾಲ್ಕು ವಾರವಾದರೂ ಕತ್ತಲೆಯೇ ಇದ್ದರೆ

ಕೀರ್ತನೆ 88 ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಭರವಸೆಯ ಕೊನೆಯ ಸಾಲಿಲ್ಲ. ಆದರೂ ಅದು ಪ್ರಾರ್ಥನೆಯೇ. ಪೌಲ ತನ್ನನ್ನು ಕಾಡುತ್ತಿದ್ದ, 'ಶರೀರದಲ್ಲಿನ ಮುಳ್ಳು' ಎಂದು ತಾನೇ ಕರೆದ ಬಾಧೆಯನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12:8-9). ಹಂತಗಳನ್ನು ಸರಿಯಾಗಿ ಮಾಡಿದರೆ ಕಷ್ಟ ತೊಲಗುತ್ತದೆ ಎಂಬ ಲೆಕ್ಕ ಇಲ್ಲಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ, ಎದ್ದು ಓಡಾಡುವುದೇ ಭಾರವಾಗಿದ್ದರೆ ಅದು ಖಿನ್ನತೆ ಇರಬಹುದು. ಮನೋವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ನಾಲ್ಕು ವಾರ ಕಾಯುವ ಮಾತೇ ಇಲ್ಲ: ಇವತ್ತೇ, ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ. ಎಲೀಯನಿಗೂ ಆ ಯೋಚನೆ ಬಂದಿತ್ತು, ದೇವರು ಅವನನ್ನು ಬೈಯಲಿಲ್ಲ.

ಕೊನೆಯದಾಗಿ, ಸಾಕ್ಷಿಯ ವಿಷಯ. ಸಾಕ್ಷಿ ಅಂದರೆ ದೇವರು ಮಾಡಿದ್ದನ್ನು ಸಭೆಯ ಮುಂದೆ ಹೇಳುವುದು. ಸ್ವಲ್ಪ ಗೆಲುವಾದ ಕೂಡಲೇ ವೇದಿಕೆಗೆ ಕರೆಯುವವರಿರುತ್ತಾರೆ. ಗಾಯ ಹಸಿಯಿದ್ದರೆ 'ಇನ್ನೂ ಸಮಯ ಬೇಕು' ಎಂದು ಹೇಳಿ. ಹೇಳುವುದೇ ಆದರೆ ಪ್ರಲಾಪದ ಪುಟಗಳನ್ನು ಬಿಟ್ಟು ಸ್ತೋತ್ರದ ಪುಟಗಳನ್ನಷ್ಟೇ ಓದಬೇಡಿ. ಹಿಂದಿನ ಸಾಲಿನಲ್ಲಿ ಕೂತಿರುವ ಯಾರಿಗೋ ಬೇಕಾಗಿರುವುದು ಮೊದಲಿನದೇ.